ಟೂಲ್ ಮುರಿದರೆ ಮೊದಲು ಸ್ಪಿಂಡಲ್ ವೇಗ ಅಳೆಯಿರಿ

ಮಾನ್ಯ ಸಂಪಾದಕರೇ,

ನಾನು ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ಮೆಷಿನ್ ಶಾಪ್ ನಡೆಸುತ್ತಿದ್ದೇನೆ. ಮೂರು ಮೆಷಿನ್, ಐದು ಜನ. ನಮ್ಮಂಥ ಕಡೆ ಒಂದು ರೂಢಿ ಇದೆ. ತೂತಿನೊಳಗೆ ಸ್ಕ್ರೂ ಥ್ರೆಡ್ ಕೊರೆಯುವ ಟ್ಯಾಪೋ, ಲೋಹ ಕೆತ್ತುವ ಎಂಡ್ ಮಿಲ್ಲೋ ಮುರಿದರೆ ಅದರ ದುಡ್ಡನ್ನು ಆಪರೇಟರ್ ಸಂಬಳದಲ್ಲಿ ಹಿಡಿಯುವುದು. ನಾನೂ ಹಿಡಿದಿದ್ದೇನೆ. ಅದು ತಪ್ಪು ಅಂತ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನಮ್ಮಲ್ಲಿ ಹಳೆಯ ಸಿಎನ್‌ಸಿ, ಅಂದರೆ ಪ್ರೋಗ್ರಾಂ ಪ್ರಕಾರ ಓಡುವ, ಮಿಲ್ಲಿಂಗ್ ಮೆಷಿನ್ ಒಂದಿದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ತಂದದ್ದು. ಸಾದಾ ಇಂಡಕ್ಷನ್ ಮೋಟಾರ್, ಅದರ ವೇಗ ಬದಲಿಸಲು ಒಂದು ವಿಎಫ್‌ಡಿ (ಕರೆಂಟಿನ ಫ್ರೀಕ್ವೆನ್ಸಿ ಬದಲಿಸುವ ಡ್ರೈವ್), ಮೋಟಾರಿನಿಂದ ಬೆಲ್ಟ್ ಮೂಲಕ ತಿರುಗುವ, ಟೂಲ್ ಹಿಡಿಯುವ ಸ್ಪಿಂಡಲ್. ಕಳೆದ ವರ್ಷ ಉಕ್ಕಿನ ಪ್ಲೇಟಿಗೆ ಎಂ6 ಟ್ಯಾಪ್ ಹೊಡೆಯುವ ಕೆಲಸ ಬಂತು. ದಿನಕ್ಕೆ ಎರಡು ಮೂರು ಟ್ಯಾಪ್ ಮುರಿಯತೊಡಗಿದವು. ಮುರಿದ ತುಂಡು ತೂತಿನಲ್ಲೇ ಸಿಕ್ಕಿಕೊಂಡರೆ ಆ ಪೀಸೂ ಹೋದ ಹಾಗೆ. ‘ಅಣ್ಣಾ, ನಾನು ಪ್ರೋಗ್ರಾಂ ಮುಟ್ಟಿಲ್ಲ’ ಅಂದ ಆಪರೇಟರ್ ಹುಡುಗ. ನಾನು ಸ್ಕ್ರೀನ್ ತೋರಿಸಿದೆ. ವೇಗ ನಿಮಿಷಕ್ಕೆ 500 ಸುತ್ತು ಅಂತ ಇತ್ತು. ಮೆಷಿನ್ ಸರಿ ಇದೆ, ನೀನೇ ಸರಿಯಾಗಿ ನೋಡಿಕೊಂಡಿಲ್ಲ ಅಂದುಬಿಟ್ಟೆ. ಎರಡು ತಿಂಗಳು ಸಂಬಳದಲ್ಲಿ ಹಿಡಿದೆ. ಮೂರನೇ ತಿಂಗಳು ಅವನು ಕೆಲಸ ಬಿಟ್ಟ.

ಆಯುಧ ಪೂಜೆಗೆ ಮೆಷಿನ್ ತೊಳೆಯುವಾಗ ಬೆಲ್ಟ್ ಕವರ್ ಬಿಚ್ಚಿದೆವು. ಒಳಗೆ ಮುಷ್ಟಿಯಷ್ಟು ಕಪ್ಪು ಪುಡಿ. ಪುಲ್ಲಿಯಲ್ಲಿ ಬೆಲ್ಟ್ ಕೂರುವ ತೋಡು ಗಾಜಿನಂತೆ ಹೊಳೆಯುತ್ತಿತ್ತು. ಬೆಲ್ಟ್ ಸವೆದು ತೋಡಿನ ತಳಕ್ಕೇ ಕೂತಿತ್ತು. ನನಗೆ ಅಲ್ಲೇ ಕಸಿವಿಸಿಯಾಯಿತು.

ನಮ್ಮ ತಂದೆ ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಟರ್ನರ್ ಆಗಿದ್ದರು. ಅವರ ಪೆಟ್ಟಿಗೆಯಲ್ಲಿ ಒಂದು ಕೈ ಟ್ಯಾಕೋಮೀಟರ್ ಇದೆ. ಅದರ ರಬ್ಬರ್ ತುದಿಯನ್ನು ತಿರುಗುವ ಶಾಫ್ಟಿನ ಸೆಂಟರ್‌ಗೆ ಒತ್ತಿ ಹಿಡಿದರೆ ಮುಳ್ಳು ವೇಗ ತೋರಿಸುತ್ತದೆ. ತುದಿಯ ನಡುವೆ ಸೆಂಟರ್ ಗುಳಿ ಹೊಡೆದ ಒಂದು ರಾಡನ್ನು ಟೂಲ್ ಹಿಡಿಯುವ ಕೊಲೆಟ್‌ಗೆ ಹಾಕಿ ನೋಡಿದೆ. ಸ್ಕ್ರೀನ್ ಮೇಲೆ 500. ಮುಳ್ಳು ನಿಂತದ್ದು 440ರಲ್ಲಿ.

ಸ್ಕ್ರೀನ್ ಮೇಲಿದ್ದ 500 ನಾವು ಕೇಳಿದ ವೇಗ, ಸ್ಪಿಂಡಲ್ ಕೊಟ್ಟದ್ದಲ್ಲ. ವಿಎಫ್‌ಡಿ ತೋರಿಸುವುದೂ ಫ್ರೀಕ್ವೆನ್ಸಿಯಿಂದ ಲೆಕ್ಕ ಹಾಕಿದ್ದೇ. ಲೆಕ್ಕದ ಪ್ರಕಾರ ನಾಲ್ಕು ಪೋಲ್ ಮೋಟಾರ್ 50 ಹರ್ಟ್ಸ್‌ಗೆ ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಆದರೆ ಲೋಡ್ ಬಿದ್ದಾಗ ಅಷ್ಟು ತಿರುಗುವುದಿಲ್ಲ, ಅದರ ನೇಮ್‌ಪ್ಲೇಟ್ ಮೇಲೇ 1440 ಅಂತ ಬರೆದಿರುತ್ತದೆ. ಅದರ ಜೊತೆಗೆ ಬೆಲ್ಟೂ ಜಾರಿದರೆ? ಎಂ6 ಟ್ಯಾಪಿನ ಪಿಚ್, ಅಂದರೆ ಒಂದು ಸುತ್ತಿನಲ್ಲಿ ಅದು ಇಳಿಯುವ ದೂರ, 1 ಮಿ.ಮೀ. ವೇಗ 500 ಅಂತ ನಂಬಿ ಮೆಷಿನ್ ನಿಮಿಷಕ್ಕೆ 500 ಮಿ.ಮೀ. ಕೆಳಗೆ ತಳ್ಳುತ್ತದೆ. ಟ್ಯಾಪ್ 440 ಮಾತ್ರ ಇಳಿಯಬಲ್ಲದು. 20 ಮಿ.ಮೀ. ಆಳದ ತೂತಿನಲ್ಲಿ 2 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬೀಳುತ್ತದೆ. ಟ್ಯಾಪನ್ನು ಸ್ವಲ್ಪ ಮೇಲೆ ಕೆಳಗೆ ಆಡಲು ಬಿಡುವ ಫ್ಲೋಟಿಂಗ್ ಹೋಲ್ಡರ್ ಅಷ್ಟನ್ನು ತಡೆದುಕೊಳ್ಳಬಹುದು. ಆದರೆ ಟ್ಯಾಪ್ ಉಕ್ಕು ಕಚ್ಚಿದಾಗ ಬೆಲ್ಟ್ ಇನ್ನೂ ಜಾರುತ್ತದೆ. ಆಗ ಎಷ್ಟಕ್ಕೆ ಇಳಿಯುತ್ತದೆ ಅಂತ ಕೈಯಲ್ಲಿ ಹಿಡಿದು ನೋಡಲು ಆಗುವುದಿಲ್ಲ ಅಲ್ವಾ?

ಅದಕ್ಕೇ ಸೆನ್ಸರ್ ಹಾಕಿದೆವು. ಎಸ್.ಪಿ. ರೋಡಿನಲ್ಲಿ 500 ರೂಪಾಯಿಯೊಳಗೆ 12 ಮಿ.ಮೀ. ದಪ್ಪದ ಪ್ರಾಕ್ಸಿಮಿಟಿ ಸೆನ್ಸರ್ ಸಿಕ್ಕಿತು. ಲೋಹ ಎದುರಿಗೆ ಬಂದಾಗಲೆಲ್ಲ ಅದು ಒಂದು ಪಲ್ಸ್ ಕೊಡುತ್ತದೆ, ಅದನ್ನು ಎಣಿಸಿ ಮೀಟರ್ ವೇಗ ತೋರಿಸುತ್ತದೆ. 4 ಮಿ.ಮೀ. ದೂರದಿಂದ ಕಬ್ಬಿಣ ಹಿಡಿಯುವಂಥದ್ದು. ನಮ್ಮ ಸ್ಪಿಂಡಲ್ ಪುಲ್ಲಿ ಅಲ್ಯೂಮಿನಿಯಂ. ಅದನ್ನು ಇದು ಅಷ್ಟು ದೂರದಿಂದ ಹಿಡಿಯುವುದಿಲ್ಲ. ಹಾಗಾಗಿ ಪುಲ್ಲಿಗೆ ಎದುರುಬದುರಾಗಿ ಎರಡು ಉಕ್ಕಿನ ಅಲನ್ ಸ್ಕ್ರೂ ಕೂರಿಸಿದೆವು. ಒಂದೇ ಹಾಕಿದರೆ ಒಂದು ಕಡೆ ಭಾರವಾಗಿ ಸ್ಪಿಂಡಲ್ ನಡುಗುತ್ತದೆ. ಕೆಲವರು ಅಯಸ್ಕಾಂತದ ಬಿಲ್ಲೆಯನ್ನು ಗಮ್‌ನಲ್ಲಿ ಅಂಟಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 100 ಮಿ.ಮೀ. ಪುಲ್ಲಿ 3000 ವೇಗದಲ್ಲಿ ತಿರುಗುವಾಗ ಅದರ ಅಂಚು ಗಂಟೆಗೆ 56 ಕಿಲೋಮೀಟರ್ ಓಡುತ್ತಿರುತ್ತದೆ. ಬಿಲ್ಲೆ ಕಿತ್ತು ಬಂದರೆ ಕಣ್ಣಿಗೇ ಅಪಾಯ.

ಮೊದಲ ದಿನ ಮೀಟರ್ ಹುಚ್ಚುಚ್ಚಾಗಿ ಕುಣಿಯಿತು. ಸೆನ್ಸರ್ ವೈರನ್ನು ಮೋಟಾರ್ ಕೇಬಲ್ ಜೊತೆಗೇ ಕಟ್ಟಿದ್ದೆವು. ಶೀಲ್ಡ್ (ಲೋಹದ ಹೊದಿಕೆ) ಇರುವ ವೈರ್ ಹಾಕಿ, ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ತ್ ಮಾಡಿ, ದೂರದಿಂದ ಎಳೆದ ಮೇಲೆ ಸುಮ್ಮನಾಯಿತು. ಹಳೇ ಬೆಲ್ಟಲ್ಲೇ ಒಂದು ಟ್ಯಾಪ್ ಹೊಡೆದು ನೋಡಿದೆವು. ಟ್ಯಾಪ್ ಒಳಗೆ ಹೋಗುತ್ತಿದ್ದಂತೆ ವೇಗ 400ರ ಕೆಳಗೆ ಇಳಿಯಿತು. ಹೊಸ ಬೆಲ್ಟು, ಪುಲ್ಲಿ ಹಾಕಿದ ಮೇಲೆ 480ಕ್ಕಿಂತ ಕೆಳಗೆ ಬಂದಿಲ್ಲ. ಈಗ ಒಂದು ಟ್ಯಾಪ್ ವಾರಗಟ್ಟಲೆ ಬಾಳುತ್ತದೆ.

ಪ್ರತಿ ಸುತ್ತಿನಲ್ಲಿ ಎರಡೇ ಪಲ್ಸ್ ಕೊಡುವ ಸೆನ್ಸರ್‌ನಿಂದ ಎಲ್ಲವೂ ಆಗುವುದಿಲ್ಲ. ರಿಜಿಡ್ ಟ್ಯಾಪಿಂಗ್ (ಫ್ಲೋಟಿಂಗ್ ಹೋಲ್ಡರ್ ಇಲ್ಲದೆ ಟ್ಯಾಪ್ ಹೊಡೆಯುವುದು), ಲೇತ್ ಮೇಲೆ ಥ್ರೆಡ್ಡಿಂಗ್ ಇವಕ್ಕೆ ಸ್ಪಿಂಡಲ್ ಸುತ್ತಿನಲ್ಲಿ ಎಲ್ಲಿದೆ ಅಂತ ನಿಖರವಾಗಿ ಹೇಳುವ ಎನ್‌ಕೋಡರೇ ಬೇಕು. ಆದರೆ ನಿಜವಾದ ವೇಗ ಆಪರೇಟರ್ ಕಣ್ಣೆದುರು ಇರುತ್ತದೆ. ಮಿಲ್ಲಿಂಗ್ ಮಾಡುವಾಗ ವೇಗ ನಾವು ಇಟ್ಟ ಮಟ್ಟಕ್ಕಿಂತ ಇಳಿದರೆ ಕೆಂಪು ದೀಪ ಹತ್ತುವಂತೆ ಮಾಡಿದ್ದೇವೆ.

ಟೂಲ್ ದುಡ್ಡು ಹಿಡಿಯುವ ವಿಷಯಕ್ಕೆ ಬರುತ್ತೇನೆ. ನಷ್ಟಕ್ಕೆ ಕೆಲಸಗಾರನ ಅಜಾಗರೂಕತೆಯೇ ನೇರ ಕಾರಣ ಆಗಿದ್ದರೆ ಮಾತ್ರ ಸಂಬಳದಲ್ಲಿ ಹಿಡಿಯಬಹುದು, ಅದಕ್ಕೂ ಮೊದಲು ಅವನ ಮಾತು ಕೇಳಬೇಕು ಅಂತ 1936ರ ವೇತನ ಪಾವತಿ ಕಾಯ್ದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಅವನ ಮಾತು ಕೇಳಲೇಬೇಕು ಅಂತ ಇದೆ. ನಮ್ಮ ಹುಡುಗ ಮಾತಾಡಿದ್ದ. ಅವನ ಮಾತಿಗೆ ಸಾಕ್ಷಿ ಇರಲಿಲ್ಲ. ನನ್ನ ಹತ್ತಿರ ಸ್ಕ್ರೀನ್ ಇತ್ತು. ಅದರಲ್ಲಿ ಇದ್ದದ್ದು ನಾವೇ ಬರೆದ ನಂಬರ್.

ಹಿಡಿದಿದ್ದ ದುಡ್ಡನ್ನು ಅವನಿಗೆ ಕಳಿಸಿ ಫೋನ್ ಮಾಡಿದೆ. ಈಗ ದಾಬಸ್‌ಪೇಟೆ ಕಡೆ ಕೆಲಸದಲ್ಲಿದ್ದಾನೆ. ಬೈಯಲಿಲ್ಲ. ಸೆನ್ಸರ್ ಎಲ್ಲಿ ಕೂರಿಸಿದಿರಿ ಅಣ್ಣಾ, ಗ್ಯಾಪ್ ಎಷ್ಟು ಬಿಟ್ಟಿದ್ದೀರಿ ಅಂತ ಕೇಳಿದ. 2 ಮಿ.ಮೀ. ಅಂದೆ.

ಐಟಿಐ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ಸಿಎನ್‌ಸಿ ಕಲಿಯುವ ಪ್ರತಿ ಹುಡುಗ, ಹುಡುಗಿಯ ಕೈಗೆ ಒಂದು ಸಲವಾದರೂ ಟ್ಯಾಕೋಮೀಟರ್ ಕೊಟ್ಟು ಸ್ಕ್ರೀನ್ ವೇಗವನ್ನೂ ನಿಜವಾದ ವೇಗವನ್ನೂ ಬರೆಸಿ. ಹಳೇ ಮೆಷಿನ್ ಕೊಳ್ಳುವವರು ಲೋಡ್ ಕೊಟ್ಟು ವೇಗ ಅಳೆದು ನೋಡಿಯೇ ದುಡ್ಡು ಕೊಡಿ. ನಮ್ಮ ಸೆನ್ಸರ್ ಬ್ರಾಕೆಟ್ ಡ್ರಾಯಿಂಗ್ ಯಾರಿಗಾದರೂ ಬೇಕಿದ್ದರೆ ಪತ್ರಿಕೆಗೆ ಬರೆದು ತಿಳಿಸಲಿ, ಕಳಿಸಿಕೊಡುತ್ತೇನೆ.

— ಮೆಷಿನ್ ಶಾಪ್ ಮಾಲೀಕ, ಪೀಣ್ಯ ಎರಡನೇ ಹಂತ, ಬೆಂಗಳೂರು