ದೆವ್ವದ ಸಿನಿಮಾಕ್ಕೆ ಮೊದಲ ಹತ್ತು ನಿಮಿಷ ಬಾಗಿಲು ಹಾಕಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ದೆವ್ವದ ಸಿನಿಮಾಗಳ ಕ್ಲೈಮ್ಯಾಕ್ಸ್ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿದೆ. ಆದರೆ ಕ್ಲೈಮ್ಯಾಕ್ಸಿಗೆ ಹೆದರುವವರು ಕಡಿಮೆ ಸ್ವಾಮಿ. ಅಷ್ಟು ಹೊತ್ತಿಗೆ ದೆವ್ವ ಯಾರದ್ದು, ಯಾಕೆ ಬಂತು, ಯಾರ ಮೇಲೆ ಸಿಟ್ಟು ಎಲ್ಲ ಗೊತ್ತಾಗಿರುತ್ತದೆ. ಹೆದರಿಕೆ ಹುಟ್ಟುವುದು ಮೊದಲ ಹತ್ತು ನಿಮಿಷದಲ್ಲಿ, ಇನ್ನೂ ಏನೂ ಆಗದೇ ಇರುವಾಗ. ಆ ಹತ್ತು ನಿಮಿಷವನ್ನೇ ನಮ್ಮ ಥಿಯೇಟರಿನವರು ಹಾಳು ಮಾಡುತ್ತಿದ್ದಾರೆ ಅನ್ನೋದು ನನ್ನ ದೂರು.

ನಾನು ದಾವಣಗೆರೆಯ ಒಂದು ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ಕಾರ್ಬನ್ ಉರಿಸಿ ರೀಲು ಓಡಿಸುತ್ತಿದ್ದ ಕಾಲ. ಪ್ರೊಜೆಕ್ಟರ್ ಗದ್ದಲದಲ್ಲಿ ಕ್ಯಾಬಿನ್ ಒಳಗೆ ಡೈಲಾಗ್ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಪರದೆಗಿಂತ ಜನರನ್ನೇ ಜಾಸ್ತಿ ನೋಡುತ್ತಿದ್ದೆ. ಆಗ ಟಾಕೀಸ್ ಒಳಗೇ ಬೀಡಿ ಸೇದುವುದು ಮಾಮೂಲು. ಕ್ಯಾಬಿನ್ ಕಿಂಡಿಯಿಂದ ನೋಡಿದರೆ ಗಾಂಧಿ ಕ್ಲಾಸಿನಲ್ಲಿ ಅಲ್ಲೊಂದು ಇಲ್ಲೊಂದು ಬೆಂಕಿಕಡ್ಡಿ ಫಕ್ಕನೆ ಹತ್ತಿ ಆರುತ್ತಿತ್ತು. ಪ್ರೊಜೆಕ್ಟರ್ ಬೆಳಕಿನಲ್ಲಿ ಹೊಗೆ ಸುರುಳಿ ಸುರುಳಿಯಾಗಿ ಏಳುತ್ತಿತ್ತು. ಸಿನಿಮಾ ಜನರನ್ನು ಹಿಡಿದುಕೊಂಡಿತು ಅಂದರೆ ಕಡ್ಡಿ ಗೀರುವುದು ನಿಲ್ಲುತ್ತಿತ್ತು. ಮುಂದಿನ ಸಾಲಿನವರು ಕಾಲೆತ್ತಿ ಬೆಂಚಿನ ಮೇಲೆ ಇಟ್ಟುಕೊಳ್ಳುತ್ತಿದ್ದರು. ಕ್ಯಾಬಿನ್‌ನಲ್ಲಿ ನಮಗೆ ಸಿಗುತ್ತಿದ್ದ ವಿಮರ್ಶೆ ಅದೇ.

ಸ್ಪೀಲ್‌ಬರ್ಗ್ ಅವರ ಶಾರ್ಕ್ ಸಿನಿಮಾ ‘ಜಾಸ್’ ಬಂದದ್ದು 1975ರಲ್ಲಿ. ನಮ್ಮಲ್ಲಿಗೆ ಮಾರ್ನಿಂಗ್ ಶೋಗೆ ಬರುವ ಹೊತ್ತಿಗೆ ಎಷ್ಟೋ ಊರು ಸುತ್ತಿ ಪ್ರಿಂಟ್ ಸವೆದುಹೋಗಿತ್ತು. ರೀಲಿನ ತಲೆ ಬಾಲಗಳಲ್ಲೇ ಗೀರು ಜಾಸ್ತಿ, ಅಂದರೆ ಓಪನಿಂಗ್ ಸೀನಿಗೇ ಮೊದಲ ಏಟು. ಆದರೂ ಇಂಗ್ಲಿಷ್ ಒಂದಕ್ಷರ ಬಾರದ ಹಮಾಲರು, ಮಂಡಕ್ಕಿ ಭಟ್ಟಿಯ ಹುಡುಗರು ಆ ಸೀನಿಗೆ ಕಾಲೆತ್ತಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ಸಮುದ್ರ. ಒಬ್ಬಳು ಹುಡುಗಿ ಈಜುತ್ತಿದ್ದಾಳೆ. ಕ್ಯಾಮೆರಾ ನೀರಿನ ತಳದಿಂದ ಅವಳ ಕಾಲುಗಳನ್ನು ನೋಡುತ್ತದೆ. ಜಾನ್ ವಿಲಿಯಮ್ಸ್ ಅವರ ಎರಡೇ ಎರಡು ಸ್ವರ, ಮೊದಲು ನಿಧಾನ, ಆಮೇಲೆ ಜೋರು. ಅವಳನ್ನು ಏನೋ ಕೆಳಕ್ಕೆ ಜಗ್ಗುತ್ತದೆ, ಆ ಕಡೆ ಈ ಕಡೆ ಎಳೆದಾಡುತ್ತದೆ. ದೋಣಿಗಳಿಗೆ ಗುರುತಿಗೆಂದು ನೀರಿನಲ್ಲಿ ತೇಲಿಬಿಟ್ಟ ಗಂಟೆಯ ಡ್ರಮ್ಮನ್ನು ತಬ್ಬಿಕೊಳ್ಳುತ್ತಾಳೆ, ಗಂಟೆ ಢಣಢಣ ಅನ್ನುತ್ತದೆ. ಆಮೇಲೆ ಅವಳಿಲ್ಲ. ದಡದಲ್ಲಿ ಅವಳ ಜೊತೆ ಬಂದವನು ಕುಡಿದು ಮಲಗಿದ್ದಾನೆ. ಇಷ್ಟೂ ಹೊತ್ತು ಶಾರ್ಕ್ ಒಂದು ಸಲವೂ ಕಾಣುವುದಿಲ್ಲ! ಆ ನಟಿಗೆ ಹಗ್ಗ ಕಟ್ಟಿ ದಡದಿಂದ ಜನ ಎಳೆದು ತೆಗೆದ ಸೀನು ಅದು. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೈಕೊಟ್ಟಿದ್ದರಿಂದ ಉಳಿದ ಸಿನಿಮಾದಲ್ಲೂ ಅದನ್ನು ಕಡಿಮೆ ತೋರಿಸಬೇಕಾಯಿತು. ಒಳ್ಳೇದೇ ಆಯಿತು ಬಿಡಿ.

ಇನ್ನು ಕುಬ್ರಿಕ್ ಅವರ ‘ದಿ ಶೈನಿಂಗ್’, 1980ರದ್ದು. ಇದನ್ನು ಮೊಮ್ಮಗಳು ಮನೆಯ ಟಿವಿಯಲ್ಲಿ ಹಾಕಿಕೊಟ್ಟಳು. ಬೆಟ್ಟದ ರಸ್ತೆ, ಹಗಲು ಹೊತ್ತು, ಒಂದು ಪುಟ್ಟ ಹಳದಿ ಕಾರು ಹೋಗುತ್ತಿದೆ. ಹೆಲಿಕಾಪ್ಟರಿನಿಂದ ತೆಗೆದ ಶಾಟ್. ಅಮೆರಿಕದ ಮೊಂಟಾನಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ರಸ್ತೆ ಅದು, ನೋಡೋಕೆ ಟೂರಿಸಂ ಜಾಹೀರಾತಿನ ಹಾಗಿದೆ. ಆದರೆ ಸಂಗೀತ? ಚರ್ಚುಗಳಲ್ಲಿ ಸತ್ತವರಿಗಾಗಿ ಹಾಡುತ್ತಿದ್ದ ಹಳೇ ಕಾಲದ ‘ಡೀಸ್ ಇರೇ’ ಧಾಟಿಯನ್ನು ವೆಂಡಿ ಕಾರ್ಲೋಸ್ ಸಿಂಥಸೈಜರಿನಲ್ಲಿ ನುಡಿಸಿದ್ದಾರೆ. ಆ ಧಾಟಿ ನನಗಾಗಲಿ ಮೊಮ್ಮಗಳಿಗಾಗಲಿ ಪರಿಚಯ ಇರಲಿಲ್ಲ. ಆದರೂ ಇಬ್ಬರೂ ಸುಮ್ಮನಾದೆವು. ಹೆಸರುಗಳು ಬೇರೆ ಕೆಳಗಿನಿಂದ ಮೇಲಕ್ಕೆ ಹರಿಯುತ್ತವೆ, ಸಿನಿಮಾ ಮುಗಿದಾಗ ಬರುವಂತೆ. ಶುರುವಿನಲ್ಲೇ ಎಲ್ಲ ಮುಗಿದುಹೋಗಿದೆಯೇನೋ ಅನ್ನಿಸುತ್ತದೆ. ಇನ್ನೊಂದು ತಮಾಷೆ ಕೇಳಿ. ಈ ಶೂಟಿಂಗಿನಲ್ಲಿ ಮಿಕ್ಕ ಶಾಟ್‌ಗಳನ್ನು ಕುಬ್ರಿಕ್ ಅವರು ಇನ್ನೊಬ್ಬ ನಿರ್ದೇಶಕ ರಿಡ್ಲಿ ಸ್ಕಾಟ್‌ಗೆ ಕೊಟ್ಟರು. ಸ್ಕಾಟ್ ಅವರ 1982ರ ‘ಬ್ಲೇಡ್ ರನ್ನರ್’ ಥಿಯೇಟರಿಗೆ ಬಂದಾಗ ಕೊನೆಗೆ ಇದ್ದದ್ದು ಅವೇ, ಅದೂ ಪ್ರೇಮಿಗಳು ಪಾರಾಗಿ ಹೋಗುವ ಸುಖಾಂತ್ಯಕ್ಕೆ! ಹೆದರಿಕೆ ಆ ಬೆಟ್ಟದಲ್ಲಿ ಇತ್ತೋ ಸಂಗೀತದಲ್ಲಿ ಇತ್ತೋ ನೀವೇ ಹೇಳಿ.

ಜಾನ್ ಕಾರ್ಪೆಂಟರ್ ಅವರ ‘ಹ್ಯಾಲೋವೀನ್’ (1978) ಟೈಟಲ್‌ನಲ್ಲಿ ಕೆತ್ತಿದ ಕುಂಬಳಕಾಯಿಯೊಳಗೆ ದೀಪ, ಹಿಂದೆ ಪಿಯಾನೋ. ಲೆಕ್ಕ ಹಾಕಿದರೆ ಐದರ ಎಣಿಕೆ, ನಮ್ಮ ಖಂಡ ಛಾಪಿನ ತಕ ತಕಿಟ. ನಾಲ್ಕರ ಎಣಿಕೆಗೆ ಒಗ್ಗಿದ ಅಲ್ಲಿಯವರಿಗೆ ಅದೇ ಕಸಿವಿಸಿ ಅಂತ ಹೇಳುತ್ತಾರೆ. ಕಛೇರಿ ಕೇಳುವ ನಮಗೆ ಐದು ಹೊಸದೇನಲ್ಲ, ಆದರೂ ಕಸಿವಿಸಿ ಆಗುತ್ತದೆ. ನನ್ನ ಪ್ರಕಾರ ಕಾರಣ ಬೇರೆ: ಅದು ಸುತ್ತಿದ್ದೇ ಸುತ್ತುತ್ತದೆ, ಮುಕ್ತಾಯಕ್ಕೇ ಬರುವುದಿಲ್ಲ. ಅದಾದ ಮೇಲಿನ ಸೀನಿನಲ್ಲಿ ಕ್ಯಾಮೆರಾನೇ ಕೊಲೆಗಾರ. ಅಡುಗೆಮನೆಯ ಡ್ರಾಯರಿನಿಂದ ಒಂದು ಕೈ ಚಾಕು ತೆಗೆಯುತ್ತದೆ. ಮೆಟ್ಟಿಲು ಹತ್ತುತ್ತೇವೆ. ಮುಖವಾಡ ಹಾಕಿಕೊಂಡ ಮೇಲೆ ಎರಡು ತೂತಿನಲ್ಲೇ ನೋಡಬೇಕು. ಹೊರಗೆ ಬಂದಾಗ ಮುಖವಾಡ ಕಿತ್ತರೆ ಆರು ವರ್ಷದ ಹುಡುಗ. (ಕೈ ಮಾತ್ರ ಆ ಸಿನಿಮಾದ ನಿರ್ಮಾಪಕಿ ಡೆಬ್ರಾ ಹಿಲ್ ಅವರದ್ದು.) ಈ ಸೀನಿಗೆ ಎರಡು ನಿಮಿಷ ತಡವಾಗಿ ಬಂದರೆ ಏನು ಉಳಿಯಿತು?

ಅದಕ್ಕೇ ಹಿಚ್‌ಕಾಕ್ 1960ರಲ್ಲಿ ‘ಸೈಕೋ’ಗೆ ಕಟ್ಟುನಿಟ್ಟು ಮಾಡಿದ್ದು. ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು. ಆಗ ಅಮೆರಿಕದಲ್ಲಿ ಜನ ಯಾವಾಗ ಬೇಕಾದರೂ ಬಂದು ಕೂರುತ್ತಿದ್ದರು. ಥಿಯೇಟರಿನವರು ಮೊದಲು ಗೊಣಗಿದರು, ಆಮೇಲೆ ಹೊರಗೆ ಕ್ಯೂ ನೋಡಿ ಸುಮ್ಮನಾದರು.

ನಮ್ಮಲ್ಲಿ ಈಗ ಏನಾಗಿದೆ? ಹೋದ ತಿಂಗಳು ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸಿಗೆ ಮೊಮ್ಮಗಳು ಕರೆದುಕೊಂಡು ಹೋಗಿದ್ದಳು. ಪರದೆ ಮೇಲೆ ಕತ್ತಲ ಮನೆ, ಪಿಟ್ ಅನ್ನುವ ಸದ್ದಿಲ್ಲ. ಅಷ್ಟರಲ್ಲಿ ಮೊಬೈಲ್ ಟಾರ್ಚ್ ಹಾಕಿಕೊಂಡು ಒಂದು ಕುಟುಂಬ ನಮ್ಮ ಮೊಣಕಾಲು ದಾಟಿಕೊಂಡು ಹೋಯಿತು. ಅವರ ಹಿಂದೆಯೇ ಟ್ರೇ ಹಿಡಿದ ಹುಡುಗ, ‘ಚೀಸ್ ನಾಚೋಸ್ ಯಾರಿಗೆ ಸಾರ್?’ ಅಂತ. ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಲ್ಲಿಗೆ ಆ ಸಿನಿಮಾದ ಕಥೆ ಮುಗಿಯಿತು.

ತಡವಾಗಿ ಬರುವವರನ್ನು ಬೈದು ಪ್ರಯೋಜನವಿಲ್ಲ. ಟಿಕೆಟ್‌ನಲ್ಲಿ ಇರುವ ಟೈಮಿಗೆ ಬಂದರೆ ಜಾಹೀರಾತು ನೋಡುತ್ತಾ ಕೂರಬೇಕು ಅಂತ ಅವರಿಗೆ ಗೊತ್ತು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಗ್ರಾಹಕರ ನ್ಯಾಯಾಲಯವೊಂದು, ಸಿನಿಮಾ ನಿಜಕ್ಕೂ ಶುರುವಾಗುವ ಹೊತ್ತನ್ನು ಟಿಕೆಟ್ ಮೇಲೆ ಹಾಕಿ ಅಂತ ಹೇಳಿತ್ತು. ಆಮೇಲೆ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಕೋರ್ಟು ಹೇಳಲಿ ಬಿಡಲಿ, ಥಿಯೇಟರಿನವರು ತಾವಾಗಿಯೇ ಹಾಕಬಹುದಲ್ವಾ? ಆಮೇಲೆ ಬಾಗಿಲು ಹಾಕಿದರೂ ಯಾರೂ ಜಗಳ ತೆಗೆಯಲಾರರು.

ನಮ್ಮ ನಿರ್ದೇಶಕರಿಗೂ ಒಂದು ಮಾತು. ಮೊದಲ ಶಾಟಿನಲ್ಲೇ ದೆವ್ವದ ಮುಖ ತೋರಿಸಿ ಢಂ ಅನ್ನಿಸಬೇಡಿ. ಕುಕ್ಕರ್ ಕೂಗಿದರೂ ಬೆಚ್ಚಿಬೀಳುತ್ತೇವೆ, ಅದು ಹೆದರಿಕೆ ಅಲ್ಲ.

ದೆವ್ವದ ಸಿನಿಮಾಗಳಿಗಾದರೂ ಮೊದಲ ಹತ್ತು ನಿಮಿಷ ಬಾಗಿಲು ಮುಚ್ಚಿ, ಬೆಂಕಿ ಬಿದ್ದರೆ ದಾರಿ ತೋರಿಸುವ ದೀಪ ಬಿಟ್ಟು ಉಳಿದದ್ದು ಆರಿಸಿ. ತಡವಾಗಿ ಬಂದವರಿಗೆ ಹೊರಗೆ ಕುರ್ಚಿ ಹಾಕಿ. ನಾಚೋಸ್ ಹುಡುಗನನ್ನೂ ಟೈಟಲ್ ಮುಗಿಯುವ ತನಕ ಕಳಿಸಬೇಡಿ. ಅಥವಾ ಟ್ರೇ ಕೆಳಗಿಟ್ಟು ಅವನೂ ಕೂತು ನೋಡಲಿ, ನನ್ನದೇನೂ ಅಡ್ಡಿಯಿಲ್ಲ.

– ನಿವೃತ್ತ ಸಿನಿಮಾ ಆಪರೇಟರ್, ದಾವಣಗೆರೆ