ಮರದ ತಲೆ ಕಡಿಸಬೇಡಿ

ಅಟ್ಲಾಂಟಾದ ಬಂಧುಗಳೇ,

ಜೂನ್‌ನಲ್ಲಿ ಊರಿಗೆ ಹೊರಡುವ ಹಲವು ಮನೆಗಳಲ್ಲಿ ಈಗಾಗಲೇ ಟಿಕೆಟ್ ಆಗಿರಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯವರಲ್ಲಿ ಒಂದು ಕೇಳಿಕೆ. ಅಂಗಳ ಕತ್ತಲಾಗಿದೆಯೆಂದು ಮಳೆಯ ನಡುವೆ ಸಂಪಿಗೆ, ರಂಜದ ಮರಗಳ ಕೊಂಬೆ ಇಳಿಸಲು ಹೇಳಬೇಡಿ.

ಮಕ್ಕಳ ಶಾಲೆಗೆ ರಜೆ ಸಿಗುವುದೇ ಆಗ, ನಿಜ. ಆದರೆ ಮಲೆನಾಡಿನಲ್ಲಿ ಮರದ ಲೆಕ್ಕ ನಡೆಯುವುದು ಮಳೆಯ ಮೇಲೆ. ಮರಗಸಿ, ಅಂದರೆ ಕೊಂಬೆ ಸವರುವ ಕೆಲಸ, ಬಲ್ಲವರು ಮುಂಗಾರು ಹಿಡಿಯುವ ಮೊದಲೇ ಕೆಲಸ ಮುಗಿಸುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಂಥ ಸೀಮೆಯಲ್ಲಿ ಜುಲೈನಲ್ಲಿ ಕಡಿದ ಜಾಗ ಒಣಗುವುದೆಲ್ಲಿಂದ? ಬೂಸು ಹೊಕ್ಕು ಒಳಗೇ ಕೊಳೆಯುತ್ತದೆ. ಬೇಸಿಗೆಯಲ್ಲಿ ಕಡಿದರೂ ಗಾಯಕ್ಕೆ ಬೂಸು ತಡೆಯುವ ಬೋರ್ಡೋ ಮುಲಾಮು ಹಚ್ಚುವ ರೂಢಿಯಿದೆ: ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 10 ಲೀಟರ್. ಹಂಚಿನ ಮೇಲೆ ಬೀಳುವಂತಿರುವ ಕೊಂಬೆಯನ್ನು ಮಾತ್ರ ಯಾವಾಗ ಬೇಕಾದರೂ ತೆಗೆಸಿ.

ಇಲ್ಲಿ ಅಟ್ಲಾಂಟಾದಲ್ಲಿ ಲೆಕ್ಕವೇ ಬೇರೆ. ಫೆಬ್ರವರಿ ಬಂತೆಂದರೆ ಬೀದಿಬೀದಿಯ ಕ್ರೇಪ್ ಮಿರ್ಟಲ್ ಮರಗಳ ತಲೆ ಹಾರುತ್ತದೆ. ನೋಡಿದರೆ ಸಂಕಟವಾಗುತ್ತದೆ. ತುಂಗೆಯ ದಂಡೆಯಲ್ಲಿ ಬೇಸಿಗೆಗೆ ನೇರಳೆ ಹೂ ತುಂಬಿಕೊಳ್ಳುವ ಹೊಳೆದಾಸವಾಳದ ಕುಲದ್ದೇ ಮರ ಅದು. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲಾದ್ದರಿಂದ ಈಗ ಸವರಿದರೆ ನಷ್ಟವಿಲ್ಲ. ಆದರೆ ಸವರುವುದು ಬೇರೆ, ಮೊಂಡು ಮಾಡುವುದು ಬೇರೆ. ದಪ್ಪ ಕೊಂಬೆಗಳನ್ನು ಪ್ರತಿವರ್ಷ ಒಂದೇ ಮಟ್ಟಕ್ಕೆ ಕತ್ತರಿಸಿದಲ್ಲಿ ಮುಷ್ಟಿಯಂಥ ಗಂಟು ಕಟ್ಟುತ್ತದೆ. ಅಲ್ಲಿಂದ ಏಳುವ ಸಣಕಲು ಚಿಗುರುಗಳು ಹೂ ಬಿಟ್ಟು ಒಂದು ಮಳೆ ಬಿದ್ದರೆ ಜೋತುಬೀಳುತ್ತವೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಬುಡದಿಂದ ಎದ್ದದ್ದು, ಇಷ್ಟು ತೆಗೆದರೆ ಸಾಕು. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಸಣ್ಣ ಉಬ್ಬು ಇರುತ್ತದಲ್ಲ, ಅದನ್ನು ಉಳಿಸಿ ಹೊರಗೆ ಕೊಯ್ಯಿರಿ. ಗಾಯವನ್ನು ಮರವೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಅದಕ್ಕೆ ಯಾವ ಮುಲಾಮೂ ಬೇಡ.

ಸಂಪಿಗೆಯ ಬಳಗದ ಮ್ಯಾಗ್ನೋಲಿಯಾ ಇದ್ದವರು ಈಗ ಕತ್ತರಿ ಮುಟ್ಟಲೇಬೇಡಿ. ವಸಂತದಲ್ಲಿ ಬರಿ ಕೊಂಬೆಯ ಮೇಲೆ ಅರಳುವ ಜಾತಿಗಳು ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿಕೊಂಡಿರುತ್ತವೆ. ಹೂವೆಲ್ಲ ಮುಗಿಯಲಿ, ಆಮೇಲೆ ನೋಡೋಣ.

ಊರ ಮರಗಳ ಮಾತನ್ನು ಮಾತ್ರ ಈ ವಾರವೇ ಫೋನಿನಲ್ಲಿ ಅಪ್ಪಯ್ಯನ ಹತ್ತಿರ ಆಡಿಬಿಡಿ. ಮೇ ಹೊತ್ತಿಗೆ ಎಲ್ಲರ ಮನೆಯಲ್ಲೂ ಕೆಲಸವಿದ್ದು, ಮರ ಹತ್ತುವವರು ಸಿಗುವುದು ಕಷ್ಟ.