ಉಪನೋಂದಣಾಧಿಕಾರಿಯಾಗಲಿರುವ ಮಗಳಿಗೊಂದು ಪತ್ರ

ಚಿ. ಮಗಳಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಮುಂದಿನ ವಾರ ನೀನು ಉಪನೋಂದಣಾಧಿಕಾರಿಯಾಗಿ ಅಧಿಕಾರ ವಹಿಸಿಕೊಳ್ಳುವವಳಿದ್ದೀಯೆ. ನಮ್ಮ ಧರ್ಮ ಒಪ್ಪದ ಮದುವೆಗೆ ವಿವಾಹಾಧಿಕಾರಿಯಾಗಿ ಸಹಿ ಹಾಕಬೇಕಾಗಿ ಬಂದರೆ ಅದು ನನ್ನ ನಂಬಿಕೆಗೆ ಮಾಡುವ ದ್ರೋಹವಲ್ಲವೇ ಎಂದು ಮೊನ್ನೆ ಕೇಳಿದೆಯಲ್ಲ, ಅದು ಫೋನಿನಲ್ಲಿ ಆಡಿ ಮುಗಿಸುವ ಮಾತಲ್ಲವೆಂದು ಈ ಪತ್ರ ಬರೆಯುತ್ತಿದ್ದೇನೆ. ಪೂಜೆಯಾಗದೆ ಯಾರೂ ತಿಂಡಿ ಮುಟ್ಟದ ಮನೆಯಲ್ಲಿ ಬೆಳೆದವಳು ನೀನು. ಈ ಪ್ರಶ್ನೆ ನಿನ್ನಲ್ಲಿ ಏಳದಿದ್ದರೇ ನನಗೆ ಆಶ್ಚರ್ಯವಾಗುತ್ತಿತ್ತು.

ಇದೇ ಪ್ರಶ್ನೆಯನ್ನಿಟ್ಟುಕೊಂಡು ಜೈಲಿನವರೆಗೆ ಹೋದ ಅಧಿಕಾರಿಯೊಬ್ಬರಿದ್ದಾರೆ. ಅಮೆರಿಕದ ಕೆಂಟಕಿ ರಾಜ್ಯದ ರೋವನ್ ಕೌಂಟಿಯಲ್ಲಿ ಕಿಮ್ ಡೇವಿಸ್ ಕೌಂಟಿ ಕ್ಲರ್ಕ್ ಆಗಿದ್ದರು. ಹೆಸರಿಗೆ ಕ್ಲರ್ಕ್ ಎಂದಿದ್ದರೂ ಅದು ಜನ ಮತ ಹಾಕಿ ಆರಿಸುವ ಹುದ್ದೆ, ಮದುವೆಯ ಲೈಸೆನ್ಸ್ ಕೊಡುವುದೂ ಆ ಕಚೇರಿಯದೇ ಕೆಲಸ. 2015ರ ಜೂನ್ 26ರಂದು ಅಲ್ಲಿನ ಸುಪ್ರೀಂ ಕೋರ್ಟು ಸಲಿಂಗಿಗಳಿಗೂ ಮದುವೆಯ ಹಕ್ಕಿದೆಯೆಂದು ತೀರ್ಪು ಕೊಟ್ಟಿತು. ಮದುವೆಯೆಂದರೆ ಗಂಡು ಹೆಣ್ಣಿನ ನಡುವಿನದು ಮಾತ್ರ ಎಂದು ಬಲವಾಗಿ ನಂಬಿದ್ದ ಡೇವಿಸ್, ಆ ತೀರ್ಪಿನ ನಂತರ ಯಾವ ಜೋಡಿಗೂ ಲೈಸೆನ್ಸ್ ಕೊಡುವುದನ್ನೇ ನಿಲ್ಲಿಸಿಬಿಟ್ಟರು. ಲೈಸೆನ್ಸ್ ಕೊಡಲೇಬೇಕೆಂದು ಫೆಡರಲ್ ನ್ಯಾಯಾಧೀಶ ಡೇವಿಡ್ ಬನ್ನಿಂಗ್ ಆಗಸ್ಟಿನಲ್ಲಿ ಆದೇಶಿಸಿದರು. ಆ ಆದೇಶಕ್ಕೆ ತಡೆ ನೀಡಲು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸೆಪ್ಟೆಂಬರ್ 1ರಂದು, ಕ್ಯಾಮೆರಾಗಳ ಎದುರಿನಲ್ಲೇ, ಯಾರ ಅಧಿಕಾರದ ಮೇಲೆ ನಿರಾಕರಿಸುತ್ತಿದ್ದೀರಿ ಎಂದು ಕೌಂಟರಿನಾಚೆ ನಿಂತವರು ಕೇಳಿದಾಗ, ದೇವರ ಅಧಿಕಾರದ ಮೇಲೆ ಎಂದು ಆಕೆ ಉತ್ತರಿಸಿದರು. 3ರಂದು ನ್ಯಾಯಾಂಗ ನಿಂದನೆಗಾಗಿ ಜೈಲು ಸೇರಿದರು. ಆಕೆ ಒಳಗಿದ್ದ ದಿನಗಳಲ್ಲಿ ಆಕೆಯ ಸಿಬ್ಬಂದಿಯೇ ಲೈಸೆನ್ಸ್ ಬರೆದುಕೊಟ್ಟರು. ಆ ಕೆಲಸಕ್ಕೆ ಅಡ್ಡಬರಬಾರದೆಂಬ ಷರತ್ತಿನ ಮೇಲೆ 8ರಂದು ಬಿಡುಗಡೆಯಾಯಿತು.

ಆಕೆಯನ್ನು ಗೇಲಿ ಮಾಡಿದವರ ಸಾಲಿನಲ್ಲಿ ನಾನಿಲ್ಲ. ನಂಬಿದ್ದಕ್ಕಾಗಿ ಜೈಲಿಗೆ ಹೋಗಲು ತಯಾರಾದವರ ಭಕ್ತಿಯನ್ನು ಅನುಮಾನಿಸಲು ನಾನು ಯಾರು? ಆದರೆ ಆಕೆ ತನ್ನ ಕೈಯಿಂದ ಬರೆಯುವುದಿಲ್ಲ ಎಂದು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ತನ್ನ ಹೆಸರು ಅಚ್ಚಾದ ಫಾರಂ ಹೊರಗೆ ಹೋಗಬಾರದೆಂದು ಕೈಕೆಳಗಿನವರೂ ಕೊಡದಂತೆ ತಡೆದರು. ನನ್ನ ಸಹಾನುಭೂತಿ ಮುಗಿಯುವುದು ಅಲ್ಲಿಯೇ. ಹೆಸರಿನ ತಕರಾರಿಗೆ ಪರಿಹಾರವಿತ್ತು ಎಂಬುದೂ ಆಮೇಲೆ ಗೊತ್ತಾಯಿತು: 2016ರಲ್ಲಿ ಕೆಂಟಕಿಯ ಶಾಸನಸಭೆ ಫಾರಂನಿಂದ ಕ್ಲರ್ಕಿನ ಹೆಸರನ್ನೇ ತೆಗೆಯುವ ಕಾನೂನು ಮಾಡಿತು. ಆ ಹೊತ್ತಿಗೆ ವಾಪಸು ಕಳಿಸಲ್ಪಟ್ಟವರ ನೋವು ಮಾತ್ರ ಆಗಿಹೋಗಿತ್ತು. ಅವರಲ್ಲಿ ಒಂದು ಜೋಡಿಗೆ ತಲಾ 50,000 ಡಾಲರ್ ಪರಿಹಾರ ಕೊಡಬೇಕೆಂದು 2023ರಲ್ಲಿ ಜ್ಯೂರಿ ಹೇಳಿತು. ಡೇವಿಸ್ ಅವರ ಮೇಲ್ಮನವಿಯನ್ನು 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ವಿಚಾರಣೆಗೇ ಎತ್ತಿಕೊಳ್ಳಲಿಲ್ಲ.

ನಮ್ಮಲ್ಲಿ ಆತ್ಮಸಾಕ್ಷಿಗೆ ಬೆಲೆಯಿಲ್ಲವೆಂದು ತಿಳಿಯಬೇಡ. ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಯ ಹೊತ್ತಿಗೆ ಎದ್ದು ನಿಂತರೂ ಹಾಡದ, ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದ ಮೂವರು ಮಕ್ಕಳನ್ನು ಹೊರಗೆ ಹಾಕಿದಾಗ, 1986ರಲ್ಲಿ ನಮ್ಮ ಸುಪ್ರೀಂ ಕೋರ್ಟು ಮಕ್ಕಳ ಪರವಾಗಿಯೇ ನಿಂತಿತು. ಆ ಮಕ್ಕಳ ಮೌನದಿಂದ ಯಾರ ಕೆಲಸವೂ ಕೆಡಲಿಲ್ಲ. ನೀನು ಕೂರುವ ಕುರ್ಚಿಯಲ್ಲಿ ಮೌನವಾಗಿದ್ದರೆ ಎದುರಿಗೆ ನಿಂತವರ ಮದುವೆಯೇ ನಿಲ್ಲುತ್ತದೆ.

ನಿಜ ಹೇಳಬೇಕೆಂದರೆ, ನಮ್ಮ ಕಚೇರಿಗಳಲ್ಲಿ ದೇವರ ಹೆಸರು ಹೇಳಿ ನಿರಾಕರಿಸುವಷ್ಟು ನೇರವಂತಿಕೆ ಯಾರಿಗೂ ಇರುವುದಿಲ್ಲ. ಸರ್ವರ್ ಡೌನ್ ಇದೆ, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಇನ್ನೊಂದು ಜೆರಾಕ್ಸ್ ತನ್ನಿ, ತಂದೆ ತಾಯಿ ಯಾಕೆ ಬಂದಿಲ್ಲ – ನಿರಾಕರಣೆ ನಡೆಯುವುದು ಈ ಮಾತುಗಳಲ್ಲಿ. ಹುಡುಗಿ ಒಂದು ಜಾತಿ, ಹುಡುಗ ಇನ್ನೊಂದು ಧರ್ಮ ಎಂದು ಅರ್ಜಿಯಲ್ಲಿ ಕಂಡ ಕೂಡಲೇ ಗುಮಾಸ್ತರು ಅವಳ ಮನೆಗೆ ಫೋನು ಮಾಡಿ ಸುದ್ದಿ ಮುಟ್ಟಿಸುವುದುಂಟು. ಡೇವಿಸ್ ಅವರದ್ದಕ್ಕಿಂತ ಇದು ಕೀಳು ಎಂದೇ ನನ್ನ ಅಭಿಪ್ರಾಯ. ಅವರು ಕಾರಣ ಹೇಳಿ ಬೆಲೆ ತೆತ್ತರು, ಇಲ್ಲಿ ಬೆಲೆ ತೆರುವುದು ಆ ಹುಡುಗಿ.

1954ರ ವಿಶೇಷ ವಿವಾಹ ಕಾಯ್ದೆಯನ್ನು ನೀನು ಪರೀಕ್ಷೆಗಾಗಿ ಓದಿದ್ದೀಯೆ. ಈಗ ಕೆಲಸಕ್ಕಾಗಿ ಇನ್ನೊಮ್ಮೆ ಓದು. ಜೋಡಿ ಕೊಡುವ ಮದುವೆಯ ನೋಟಿಸನ್ನು ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸಬೇಕು ಎನ್ನುತ್ತದೆ ಕಾಯ್ದೆ, ಹೆತ್ತವರ ಮನೆಗೆ ಕಳಿಸಬೇಕೆಂದು ಎಲ್ಲಿಯೂ ಹೇಳುವುದಿಲ್ಲ. 30 ದಿನಗಳೊಳಗೆ ಯಾರಾದರೂ ಆಕ್ಷೇಪಣೆ ತಂದರೆ ವಯಸ್ಸು, ಬದುಕಿರುವ ಗಂಡ ಅಥವಾ ಹೆಂಡತಿ, ಮಾನಸಿಕ ಸ್ಥಿತಿ, ನಿಷಿದ್ಧ ಸಂಬಂಧ, ಇಷ್ಟನ್ನೇ ನೋಡಬೇಕು. ಧರ್ಮ ಬೇರೆ ಎಂಬುದು ಆಕ್ಷೇಪಣೆಯೇ ಅಲ್ಲ. ಬೇರೆ ಬೇರೆ ಧರ್ಮದವರೂ ತಮ್ಮ ಧರ್ಮ ಬಿಡದೆ ಮದುವೆಯಾಗಲೆಂದೇ ಅಲ್ಲವೇ ಈ ದಾರಿ ಇರುವುದು?

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. ವಿವಾಹಾಧಿಕಾರಿಯ ಸಹಿ ಆ ಮದುವೆಗೆ ನಿನ್ನ ಆಶೀರ್ವಾದವಲ್ಲ; ಕಾನೂನಿನ ಷರತ್ತುಗಳು ಪೂರೈಸಿವೆ ಎಂಬುದಕ್ಕೆ ಸರ್ಕಾರದ ಸಾಕ್ಷಿ. ಇಷ್ಟು ಹೇಳಿಕೊಂಡರೂ ಮನಸ್ಸು ಒಪ್ಪದಿದ್ದರೆ, ಆ ಕೆಲಸವಿಲ್ಲದ ಬೇರೆ ಹುದ್ದೆ ಬೇಕೆಂದು ಈಗಲೇ, ಯಾರೂ ಅರ್ಜಿ ಹಿಡಿದು ಬರುವ ಮೊದಲೇ, ಮೇಲಧಿಕಾರಿಗಳಿಗೆ ಬರೆದುಕೊಡು. ಹಾಗೆ ಮಾಡಿದರೆ ನಿನ್ನ ಬಗ್ಗೆ ನನಗೆ ಗೌರವ ಕಡಿಮೆಯಾಗುವುದಿಲ್ಲ. ಆದರೆ ಕುರ್ಚಿಯಲ್ಲಿ ಕುಳಿತ ಮೇಲೆ, ಆ 30 ದಿನಗಳ ಅವಧಿ ಮುಗಿದ ದಿನವೇ ಆ ಜೋಡಿಗೆ ದಿನಾಂಕ ಕೊಡು, ಅವರ ಸಾಕ್ಷಿಗಳನ್ನು ಕೂರಿಸಿ ಮಾತನಾಡಿಸು, ಗುಮಾಸ್ತರು ಹೊರಗೆ ಫೋನು ಮಾಡದಂತೆ ನೋಡಿಕೋ.

ಅಧಿಕಾರ ವಹಿಸಿಕೊಂಡ ಸಂಜೆ ಒಂದು ಫೋನು ಮಾಡು. ಅಮ್ಮ ಕೇಳುತ್ತಿರುತ್ತಾಳೆ.

ಇಂತಿ,
ನಿನ್ನ ಅಪ್ಪ